ಬರ್ಬನ್ ಅಂದ್ರೆ ಮೆಕ್ಕೆಜೋಳದ ವಿಸ್ಕಿ, ಅಷ್ಟೇನಾ? ಗೊತ್ತಿರೋರು ಬಿಡಿಸಿ ಹೇಳ್ರಿ

ಆನಗೋಡು_ಹೊಲ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ನಮ್ಮ ಕಡೆ ಎತ್ತ ನೋಡಿದರೂ ಮೆಕ್ಕೆಜೋಳ. ಅದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಫ್ಯಾಕ್ಟರಿಗೆ, ಈಗೀಗ ಎಥನಾಲ್‌ಗೆ ಹೋಗುತ್ತೆ ಅನ್ನೋದು ಗೊತ್ತು. ಅಮೆರಿಕದ ಬರ್ಬನ್ ವಿಸ್ಕಿಗೂ ಇದೇ ಕಾಳು ಅಂತ ಓದಿದೆ.

ನನ್ನ ಪ್ರಶ್ನೆ ಇಷ್ಟು. ಮೆಕ್ಕೆಜೋಳ ಹಾಕಿದ ಕೂಡಲೇ ಬರ್ಬನ್ ಆಗುತ್ತಾ? ಆ ವೆನಿಲಾ, ಕ್ಯಾರಮೆಲ್ ವಾಸನೆ ಎಸೆನ್ಸ್ ಹಾಕಿದ್ದಾ? ಜ್ಯಾಕ್ ಡೇನಿಯಲ್ಸ್ ಬರ್ಬನ್ನೋ ಅಲ್ವೋ? ನಮ್ಮ ಜೋಳದಿಂದ ಇಲ್ಲೇ ಮಾಡೋಕೆ ಆಗುತ್ತಾ? ಮೊದಲ ಸಲ ತಗೊಳ್ಳೋರು ಲೇಬಲ್ ಮೇಲೆ ಏನು ನೋಡಬೇಕು?

ದುರ್ಗದ_ಬತ್ತೇರಿ (ಚಿತ್ರದುರ್ಗ):

ಮೊದಲು ನಿಯಮ ನೋಡೋಣ ಸರ್. ಬರ್ಬನ್ ರುಚಿ ಹಾಗೆ ಯಾಕಿದೆ ಅನ್ನೋದಕ್ಕೆ ಅರ್ಧ ಉತ್ತರ ಅಮೆರಿಕದ ಕಾನೂನಿನಲ್ಲೇ ಇದೆ.

ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಭಟ್ಟಿ ಇಳಿಸುವಾಗ ಸ್ಪಿರಿಟ್ಟಿನಲ್ಲಿ ಆಲ್ಕೋಹಾಲ್ ಶೇ. 80 ದಾಟಬಾರದು. ಪೀಪಾಯಿಗೆ ತುಂಬುವಾಗ ಶೇ. 62.5 ಮೀರಬಾರದು. ಪೀಪಾಯಿ ಓಕ್ ಮರದ್ದಾಗಿರಬೇಕು, ಹೊಚ್ಚ ಹೊಸದಾಗಿರಬೇಕು, ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿರಬೇಕು. ಬಾಟಲಿಗೆ ಇಳಿಸುವಾಗ ಶೇ. 40ಕ್ಕಿಂತ ಕಡಿಮೆ ಇರಬಾರದು. ಬೆರೆಸೋಕೆ ಅನುಮತಿ ಇರೋದು ನೀರಿಗೆ ಮಾತ್ರ. ಬಣ್ಣ, ಎಸೆನ್ಸ್, ಸಕ್ಕರೆ ಯಾವುದೂ ಇಲ್ಲ. ಸ್ಕಾಚ್‌ಗೆ ಬಣ್ಣಕ್ಕಾಗಿ ಕ್ಯಾರಮೆಲ್ ಹಾಕಲು ಅವಕಾಶ ಇದೆ, ಬರ್ಬನ್‌ಗೆ ಅದೂ ಇಲ್ಲ. ಹಾಗಾಗಿ ನಿಮ್ಮ ಎಸೆನ್ಸ್ ಪ್ರಶ್ನೆಗೆ ಉತ್ತರ: ಇಲ್ಲ. ಆ ವಾಸನೆ ಪೂರ್ತಿ ಮರ, ಕಾಳು ಮತ್ತು ಯೀಸ್ಟಿನದ್ದು.

ಶೇ. 80ರ ಮಿತಿಯನ್ನು ಸ್ವಲ್ಪ ಗಮನಿಸಿ. ನಮ್ಮ ದೇಶದ ಅಗ್ಗದ ವಿಸ್ಕಿಗಳ ಬುನಾದಿ ಕಾಕಂಬಿ ಅಥವಾ ಧಾನ್ಯದಿಂದ ತೆಗೆದ ನ್ಯೂಟ್ರಲ್ ಸ್ಪಿರಿಟ್. ಅದನ್ನು ಶೇ. 96ರ ತನಕ ಶುದ್ಧ ಮಾಡ್ತಾರೆ. ಅಷ್ಟು ಶುದ್ಧವಾದ ಮೇಲೆ ಮೂಲದಲ್ಲಿ ಇದ್ದದ್ದು ಕಬ್ಬೋ ಜೋಳವೋ ಅನ್ನೋ ಗುರುತೇ ಉಳಿಯಲ್ಲ. ಬರ್ಬನ್‌ನಲ್ಲಿ ಕಾಳಿನ ಎಣ್ಣೆಯಂಶ, ಯೀಸ್ಟ್ ಹುಟ್ಟಿಸಿದ ಹಣ್ಣಿನ ಪರಿಮಳ ಉಳಿಯಲಿ ಅಂತಲೇ ಕಡಿಮೆಗೆ ನಿಲ್ಲಿಸೋದು. ಬಹುತೇಕ ಡಿಸ್ಟಿಲರಿಗಳು ಶೇ. 80ರ ತನಕವೂ ಹೋಗಲ್ಲ, 65–70ರ ಆಸುಪಾಸಿನಲ್ಲೇ ಇಳಿಸ್ತವೆ.

ಕೆಂಟಕಿ ರಾಜ್ಯದಲ್ಲಿ ಮಾಡಿದ್ದೇ ಬರ್ಬನ್ ಅನ್ನೋದು ತಪ್ಪು ತಿಳುವಳಿಕೆ. ಅಮೆರಿಕದ ಯಾವ ರಾಜ್ಯದಲ್ಲಾದರೂ ಮಾಡಬಹುದು. ಆದರೆ ಹೆಚ್ಚಿನ ಪಾಲು ಬರೋದು ಕೆಂಟಕಿಯಿಂದಲೇ. 1964ರಲ್ಲಿ ಅಮೆರಿಕದ ಕಾಂಗ್ರೆಸ್ ಇದನ್ನು ಆ ದೇಶದ ವಿಶಿಷ್ಟ ಉತ್ಪನ್ನ ಅಂತ ನಿರ್ಣಯ ಮಾಡಿತು.

ಇನ್ನು ಜ್ಯಾಕ್ ಡೇನಿಯಲ್ಸ್. ಅದರ ಕಾಳಿನ ಲೆಕ್ಕ ಮೆಕ್ಕೆಜೋಳ 80, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 12, ರೈ (ಗೋಧಿಯನ್ನು ಹೋಲುವ ಒಂದು ಧಾನ್ಯ) 8. ಪೀಪಾಯಿಯೂ ಹೊಸದು, ಸುಟ್ಟದ್ದು. ಅಂದರೆ ಮೇಲಿನ ನಿಯಮಗಳೆಲ್ಲ ಅದಕ್ಕೆ ಹೊಂದುತ್ತವೆ. ಒಂದು ಹೆಜ್ಜೆ ಮಾತ್ರ ಹೆಚ್ಚು: ಪೀಪಾಯಿಗೆ ಹೋಗುವ ಮೊದಲು ಸ್ಪಿರಿಟನ್ನು ಸುಮಾರು 10 ಅಡಿ ಎತ್ತರದ ಮೇಪಲ್ ಇದ್ದಿಲಿನ ರಾಶಿಯ ಮೂಲಕ ತೊಟ್ಟಿಕ್ಕಿಸ್ತಾರೆ. ಕಂಪನಿಯವರು ಅದನ್ನು ಟೆನೆಸ್ಸಿ ವಿಸ್ಕಿ ಅಂತಲೇ ಮಾರ್ತಾರೆ, ಬರ್ಬನ್ ಅಂತ ಲೇಬಲ್ ಹಾಕಲ್ಲ.

ಹರಿಹರ_ಹೊಳೆದಂಡೆ:

ಬತ್ತೇರಿಯವರು ನಿಯಮ ಹೇಳಿದಾರೆ, ನಾನು ಕಾಳಿನ ಕಡೆಯಿಂದ ಬರ್ತೀನಿ. ಪ್ರಶ್ನೆ ಕೇಳಿದವರು ಹೊಲದೋರು ಅಂತ ಕಾಣುತ್ತೆ, ಇದು ಅವರಿಗೆ ಬೇಗ ಹಿಡಿಸುತ್ತೆ.

ಶೇ. 51 ಕಾನೂನಿನ ಕನಿಷ್ಠ ಮಟ್ಟ ಅಷ್ಟೇ. ನಿಜವಾಗಿ ಹಾಕೋದು 70ರಿಂದ 80. ಉಳಿದದ್ದರಲ್ಲಿ ರೈ ಅಥವಾ ಗೋಧಿ, ಜತೆಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ವೈಲ್ಡ್ ಟರ್ಕಿ ಅನ್ನೋ ಬ್ರ್ಯಾಂಡ್‌ನಲ್ಲಿ ಮೆಕ್ಕೆಜೋಳ 75, ರೈ 13, ಬಾರ್ಲಿ 12. ಮೇಕರ್ಸ್ ಮಾರ್ಕ್‌ನಲ್ಲಿ ರೈ ಇಲ್ಲವೇ ಇಲ್ಲ: ಮೆಕ್ಕೆಜೋಳ 70, ಗೋಧಿ 16, ಬಾರ್ಲಿ 14. ರೈ ಜಾಸ್ತಿ ಆದಷ್ಟು ಕರಿಮೆಣಸಿನ ಥರ ಚುರುಕು ಬರುತ್ತೆ, ಗೋಧಿ ಹಾಕಿದರೆ ಮೆದು. ಫೋರ್ ರೋಸಸ್‌ನವರು ಎರಡು ಕಾಳಿನ ಮಿಶ್ರಣ, ಐದು ಬಗೆ ಯೀಸ್ಟ್ ಇಟ್ಟುಕೊಂಡು ಹತ್ತು ಬೇರೆ ಬೇರೆ ಬರ್ಬನ್ ಮಾಡ್ತಾರೆ. ರುಚಿಯಲ್ಲಿ ಯೀಸ್ಟಿನ ಪಾಲು ಎಷ್ಟಿದೆ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಡ.

ಬೇಯಿಸುವ ಕ್ರಮದಲ್ಲೇ ಅರ್ಧ ಕಸುಬು ಇರೋದು. ಮೆಕ್ಕೆಜೋಳದ ಪಿಷ್ಟ ಗಟ್ಟಿ. ಹಿಟ್ಟು ಮಾಡಿ, ಕುದಿಯುವ ಹತ್ತಿರದ ಬಿಸಿಯಲ್ಲಿ ಚೆನ್ನಾಗಿ ಬೇಯಿಸಿ ಗಂಜಿ ಮಾಡದೆ ಇದ್ದರೆ ಮಾಲ್ಟಿನ ಕಿಣ್ವಗಳಿಗೆ ಅದು ಸಿಗೋದೇ ಇಲ್ಲ. ಆಮೇಲೆ 70–75 ಡಿಗ್ರಿಗೆ ಇಳಿಸಿ ರೈ ಹಾಕಬೇಕು. ರೈಯನ್ನು ಕುದಿಯೋ ಗಂಜಿಗೆ ಸುರಿದರೆ ಅಂಟಂಟಾಗಿ ಗಂಟು ಕಟ್ಟುತ್ತೆ, ನೊರೆ ಉಕ್ಕುತ್ತೆ. ಕೊನೆಗೆ 62–65 ಡಿಗ್ರಿಗೆ ಬಂದಾಗ ಮಾಲ್ಟ್. ಇಲ್ಲಿ ಅವಸರ ಮಾಡಿ 75–80 ಡಿಗ್ರಿಯಲ್ಲೇ ಮಾಲ್ಟ್ ಹಾಕಿಬಿಟ್ಟರೆ ಸಕ್ಕರೆ ಮಾಡುವ ಕಿಣ್ವಗಳು ಬೇಗನೆ ಸತ್ತು ಪಿಷ್ಟ ಪೂರ್ತಿ ಸಕ್ಕರೆ ಆಗಲ್ಲ. ಪರೀಕ್ಷೆ ಸುಲಭ: ಬಿಳಿ ತಟ್ಟೆ ಮೇಲೆ ನಾಲ್ಕು ಹನಿ ತಿಳಿ ಹಾಕಿ ಒಂದು ಹನಿ ಅಯೋಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ, ಅಯೋಡಿನ್ನಿನ ಕಂದು ಬಣ್ಣವೇ ನಿಂತರೆ ಕೆಲಸ ಆಗಿದೆ.

ಗಂಜಿಗೆ ಹಿಂದಿನ ಭಟ್ಟಿಯಿಂದ ಉಳಿದ ಹುಳಿ ತಿಳಿಯನ್ನೂ ಒಂದು ಪಾಲು ಸೇರಿಸ್ತಾರೆ. ಲೇಬಲ್ ಮೇಲೆ ‘ಸೋರ್ ಮ್ಯಾಶ್’ ಅಂತ ಬರೆದಿರೋದು ಇದಕ್ಕೇ. ಕುಡಿಯೋವಾಗ ಹುಳಿ ಇರುತ್ತೆ ಅಂತಲ್ಲ. ಆ ಹುಳಿಯಿಂದ ಬೇಡದ ಬ್ಯಾಕ್ಟೀರಿಯಾ ತಲೆ ಎತ್ತಲ್ಲ, ಯೀಸ್ಟಿಗೆ ಅನುಕೂಲ, ಒಂದು ಬ್ಯಾಚಿಗೂ ಇನ್ನೊಂದಕ್ಕೂ ರುಚಿ ಬದಲಾಗಲ್ಲ. ಇದನ್ನು 19ನೇ ಶತಮಾನದಲ್ಲಿ ಅಳತೆ, ಲೆಕ್ಕ ಇಟ್ಟು ಶಿಸ್ತಾಗಿ ರೂಢಿಗೆ ತಂದವರು ಜೇಮ್ಸ್ ಕ್ರೋ ಅನ್ನುವ ಸ್ಕಾಟ್‌ಲೆಂಡ್ ಮೂಲದವರು.

ಹುದುಗು ಬರೋಕೆ ಮೂರರಿಂದ ಐದು ದಿನ. ಶೇ. 8–10 ಆಲ್ಕೋಹಾಲ್ ಇರುವ ಹುಳಿ ಬಿಯರ್ ಥರದ್ದು ಸಿಗುತ್ತೆ. ಸ್ಕಾಚ್ ಮಾಲ್ಟ್ ಮಾಡೋರು ಸಿಪ್ಪೆ ಸೋಸಿ ತಿಳಿಯನ್ನಷ್ಟೇ ಹುದುಗಿಸ್ತಾರೆ. ಬರ್ಬನ್‌ನಲ್ಲಿ ಸಿಪ್ಪೆ, ನುಚ್ಚು ಎಲ್ಲಾ ಸಮೇತ ಉದ್ದ ಕಾಲಮ್‌ಗೆ (ಕಂಬದಂಥ ಭಟ್ಟಿಗೆ) ಹೋಗುತ್ತೆ, ಅಲ್ಲಿಂದ ಡಬ್ಲರ್ ಅನ್ನೋ ತಾಮ್ರದ ಪಾತ್ರೆಯಲ್ಲಿ ಇನ್ನೊಮ್ಮೆ ಇಳಿಯುತ್ತೆ. ಗಂಧಕದ ದುರ್ವಾಸನೆ ಹೀರಿಕೊಳ್ಳೋದು ತಾಮ್ರದ ಕೆಲಸ.

ಲೆಕ್ಕ ಬೇಕಂದ್ರೆ: ಒಂದು ಕ್ವಿಂಟಲ್ ಕಾಳಿಗೆ ಸುಮಾರು 36–38 ಲೀಟರ್ ಶುದ್ಧ ಆಲ್ಕೋಹಾಲ್. 200 ಲೀಟರಿನ ಒಂದು ಪೀಪಾಯಿಯನ್ನು ಶೇ. 62.5ರಲ್ಲಿ ತುಂಬಿಸೋಕೆ ಹತ್ತಿರಹತ್ತಿರ ಮೂರೂವರೆ ಕ್ವಿಂಟಲ್ ಬೇಕು.

ದುರ್ಗದ_ಬತ್ತೇರಿ (ಚಿತ್ರದುರ್ಗ):

ಹೊಳೆದಂಡೆ ಅಣ್ಣ ಕಾಳಿನ ವಿಷಯ ಚೆನ್ನಾಗಿ ಬಿಡಿಸಿದ್ರು. ಆದರೆ ನನ್ನ ಅಭಿಪ್ರಾಯದಲ್ಲಿ ಬರ್ಬನ್ನನ್ನು ಬರ್ಬನ್ ಮಾಡೋದು ಜೋಳಕ್ಕಿಂತ ಹೆಚ್ಚಾಗಿ ಆ ಹೊಸ ಪೀಪಾಯಿ. ಇದಕ್ಕೆ ಪುರಾವೆ ಅಮೆರಿಕದಲ್ಲೇ ಇದೆ. ‘ಕಾರ್ನ್ ವಿಸ್ಕಿ’ ಅಂತ ಬೇರೆಯೇ ಒಂದು ಜಾತಿ ಇದೆ. ಅದರಲ್ಲಿ ಮೆಕ್ಕೆಜೋಳ ಕನಿಷ್ಠ ಶೇ. 80, ಅಂದರೆ ಬರ್ಬನ್‌ಗಿಂತ ಜಾಸ್ತಿ. ಅದನ್ನು ಪೀಪಾಯಿಯಲ್ಲಿ ಇಡೋದಾದರೆ ಹಳೆಯದರಲ್ಲಿ ಅಥವಾ ಸುಡದೆ ಇರೋದರಲ್ಲಿ ಇಡಬೇಕು. ಕುಡಿದು ನೋಡಿದರೆ ತೆಳು ಬಣ್ಣ, ಬೇಯಿಸಿದ ತೆನೆಯ ವಾಸನೆ. ವೆನಿಲಾ, ಕ್ಯಾರಮೆಲ್ ಹೆಚ್ಚುಕಡಿಮೆ ಇಲ್ಲ. ಜೋಳ ಜಾಸ್ತಿ ಇದ್ದೂ ಬರ್ಬನ್ ರುಚಿ ಬರಲ್ಲ ಅಂದಮೇಲೆ ಆ ರುಚಿ ಎಲ್ಲಿಂದ ಬಂತು ಅನ್ನೋದು ಸ್ಪಷ್ಟ.

ಪೀಪಾಯಿ ಒಳಗೆ ಆಗೋದು ಇದು. ಅಮೆರಿಕದ ಬಿಳಿ ಓಕ್ ಹಲಗೆ, ಮೊಳೆ ಇಲ್ಲ, ಅಂಟು ಇಲ್ಲ, ಕಬ್ಬಿಣದ ಪಟ್ಟಿಯ ಬಿಗಿ ಅಷ್ಟೇ. ಒಳಗೆ ನೇರ ಬೆಂಕಿ ಹಾಯಿಸ್ತಾರೆ. ಸುಡುವುದಕ್ಕೆ 1ರಿಂದ 4ರ ತನಕ ಮಟ್ಟಗಳಿವೆ. ನಾಲ್ಕನೇ ಮಟ್ಟಕ್ಕೆ ಸುಮಾರು 55 ಸೆಕೆಂಡ್ ಬೆಂಕಿ. ಆಗ ಒಳಮೈ ಮೊಸಳೆ ಚರ್ಮದ ಹಾಗೆ ಬಿರುಕು ಬಿಡುತ್ತೆ, ಅದಕ್ಕೆ ಅಲ್ಲಿನೋರು ಅದೇ ಹೆಸರಿಟ್ಟಿದ್ದಾರೆ. ಮೇಲಿನ ಇದ್ದಿಲು ಪದರ ಹಸಿ ಸ್ಪಿರಿಟ್ಟಿನ ಗಂಧಕದ ವಾಸನೆ ಹೀರಿಕೊಳ್ಳುತ್ತೆ. ಅದರ ಹಿಂದೆ, ಸುಡದೆ ಬರೀ ಕಾದಿರುವ ಒಂದು ಕೆಂಪು ಪದರ ಇರುತ್ತೆ. ಮರದ ಹೆಮಿಸೆಲ್ಯುಲೋಸ್ ಒಡೆದು ಸಕ್ಕರೆಯಾಗಿ ಕಂದಿರೋದು ಅಲ್ಲಿ, ಕ್ಯಾರಮೆಲ್ ರುಚಿ ಬರೋದು ಅದರಿಂದ. ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತೆ. ಓಕ್‌ನ ಲ್ಯಾಕ್ಟೋನ್‌ಗಳಿಂದ ಕೊಬ್ಬರಿ ಪರಿಮಳ.

ಬಿಸಿಲಲ್ಲಿ ಸ್ಪಿರಿಟ್ ಹಿಗ್ಗಿ ಮರದೊಳಗೆ ನುಗ್ಗುತ್ತೆ, ಚಳಿಯಲ್ಲಿ ಕುಗ್ಗಿ ಆ ರುಚಿಗಳನ್ನು ಹೊತ್ತು ಹೊರಗೆ ಬರುತ್ತೆ. ಕೆಂಟಕಿಯಲ್ಲಿ ಬೇಸಿಗೆ ಚಳಿಗಾಲಗಳ ಅಂತರ ದೊಡ್ಡದು, ಗೋಡೌನ್‌ಗಳು ಏಳೆಂಟು ಅಂತಸ್ತು ಇರೋದೂ ಉಂಟು. ಮೇಲಿನ ಅಂತಸ್ತು ಬಿಸಿ ಮತ್ತು ಒಣ. ಅಲ್ಲಿ ನೀರು ಬೇಗ ಆವಿಯಾಗಿ ಆಲ್ಕೋಹಾಲ್ ಶೇಕಡಾವಾರು ಏರುತ್ತೆ. ತಂಪು, ತೇವ ಇರುವ ಸ್ಕಾಟ್‌ಲೆಂಡ್‌ನಲ್ಲಿ ಉಲ್ಟಾ, ವರ್ಷ ಕಳೆದಂತೆ ಇಳಿಯುತ್ತೆ. ಒಂದೇ ದಿನ ತುಂಬಿದ ಎರಡು ಪೀಪಾಯಿ ಮೇಲೆ ಒಂದು, ಕೆಳಗೆ ಒಂದು ಇಟ್ಟರೆ ಬೇರೆ ಬೇರೆ ರುಚಿ. ಮೇಕರ್ಸ್ ಮಾರ್ಕ್‌ನವರು ಪೀಪಾಯಿಗಳನ್ನು ಜಾಗ ಬದಲಿಸಿ ಇದನ್ನು ಸರಿದೂಗಿಸ್ತಾರೆ, ಫೋರ್ ರೋಸಸ್‌ನವರು ಒಂದೇ ಅಂತಸ್ತಿನ ಗೋಡೌನ್ ಕಟ್ಟಿದ್ದಾರೆ.

ಒಮ್ಮೆ ಬಳಸಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಆ ಪೀಪಾಯಿಗಳು ಸ್ಕಾಟ್‌ಲೆಂಡಿಗೆ ಹೋಗ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರ್ತವೆ. ಸ್ಕಾಚ್ ಕುಡಿದು ವೆನಿಲಾ ಪರಿಮಳ ಸಿಕ್ಕಿದರೆ, ಅದು ಬಹುತೇಕ ಬರ್ಬನ್ ಬಿಟ್ಟುಹೋದದ್ದು.

ಆನಗೋಡು_ಹೊಲ (ದಾವಣಗೆರೆ):

ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ, ತುಂಬಾ ಥ್ಯಾಂಕ್ಸ್ ಅಣ್ಣಾ ಇಬ್ಬರಿಗೂ. ಇನ್ನೆರಡು ಕೇಳ್ತೀನಿ. ವಯಸ್ಸು ಜಾಸ್ತಿ ಆದಷ್ಟೂ ಒಳ್ಳೆಯದು ಅಂತಾರಲ್ಲ, ಬರ್ಬನ್‌ಗೂ ಅದೇ ಲೆಕ್ಕನಾ? ಮತ್ತೆ ಇಲ್ಲೇ ಮಾಡೋ ವಿಷಯ ಹಾಗೇ ಉಳೀತು.

ಹರಿಹರ_ಹೊಳೆದಂಡೆ:

ವಯಸ್ಸಿನ ಲೆಕ್ಕ ಬರ್ಬನ್‌ಗೆ ಬೇರೆ. ಹೊಸ ಪೀಪಾಯಿ ಬಲು ಜೋರು. ಹಳೇ ಪೀಪಾಯಿಯಲ್ಲಿ ಸ್ಕಾಚ್ 18–20 ವರ್ಷ ಆರಾಮಾಗಿ ಕೂರುತ್ತೆ. ಬರ್ಬನ್ ಅಷ್ಟು ವರ್ಷ ಕೂತರೆ ಬಹಳ ಸಲ ಟ್ಯಾನಿನ್ ಹೆಚ್ಚಾಗಿ ಬಾಯಿ ಒಗರು, ಮರದ ಪುಡಿ ಜಗಿದ ಹಾಗೆ. ನಾಲ್ಕರಿಂದ ಎಂಟು ವರ್ಷ ಬಹುಪಾಲು ಬರ್ಬನ್‌ಗೆ ಹದ. ದೊಡ್ಡ ಅಂಕಿ ನೋಡಿ ದೊಡ್ಡ ದುಡ್ಡು ಕೊಡಬೇಡ್ರಿ.

ಇಲ್ಲೇ ಮಾಡೋದರ ಬಗ್ಗೆ. ಬರ್ಬನ್ ಅಂತ ಕರೆಯೋಕೆ ಅಮೆರಿಕದಲ್ಲೇ ಆಗಿರಬೇಕು. ಯುರೋಪಿಯನ್ ಒಕ್ಕೂಟ, ಕೆನಡಾ, ಮೆಕ್ಸಿಕೋ ಕೂಡ ಒಪ್ಪಂದ ಮಾಡಿಕೊಂಡು ಆ ಹೆಸರನ್ನು ಅವರಿಗೇ ಬಿಟ್ಟಿವೆ. ಅದೇ ವಿಧಾನದ ಮೆಕ್ಕೆಜೋಳದ ವಿಸ್ಕಿಯನ್ನು ಲೈಸೆನ್ಸ್ ಇರುವ ಡಿಸ್ಟಿಲರಿ ಇಲ್ಲಿ ಮಾಡಬಹುದು. ಮನೆಯಲ್ಲಿ, ತೋಟದಲ್ಲಿ ಭಟ್ಟಿ ಇಳಿಸೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಆ ಯೋಚನೆ ಬೇಡವೇ ಬೇಡ.

ಲೈಸೆನ್ಸ್ ಇದ್ದೋರಿಗೂ ನಮ್ಮ ಕಡೆ ನಾಲ್ಕು ತೊಡಕು ಇವೆ. ಒಂದು, ಕಾಳಿನ ತೇವ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ರಸ್ತೆ ಮೇಲೆ ಒಣಹಾಕಿದ ಜೋಳ ಶೇ. 14ಕ್ಕೆ ಇಳಿಯಲ್ಲ, ರಾಶಿ ಒಳಗೆ ಬೂಷ್ಟು ಹಿಡಿಯುತ್ತೆ. ಬೂಷ್ಟಿನ ಮುಗ್ಗಲು ವಾಸನೆ ಭಟ್ಟಿಯಲ್ಲೂ ಹೋಗಲ್ಲ, ಆವಿ ಜತೆ ಸ್ಪಿರಿಟ್ಟಿಗೇ ಬರುತ್ತೆ. ಅದಕ್ಕೇ ಡಿಸ್ಟಿಲರಿಗಳಲ್ಲಿ ಲೋಡ್ ಬಂದ ಕೂಡಲೇ ಒಂದು ಹಿಡಿ ಕಾಳು ಬಿಸಿ ಮಾಡಿ ಮೂಸಿ ನೋಡ್ತಾರೆ, ಮುಗ್ಗಲು ಅನ್ನಿಸಿದರೆ ಲಾರಿ ವಾಪಸ್. ಬೂಷ್ಟು ಹುಟ್ಟಿಸೋ ಅಫ್ಲಟಾಕ್ಸಿನ್ ವಿಷ ಮಾತ್ರ ಆವಿಯಾಗಲ್ಲ, ಉಳಿದ ಹಿಂಡಿಯಲ್ಲಿ ಸುಮಾರು ಮೂರು ಪಟ್ಟು ಸಾಂದ್ರವಾಗುತ್ತೆ. ಆ ಹಿಂಡಿ ದನಕ್ಕೆ, ಕೋಳಿಗೆ ಹೋಗೋದರಿಂದ ಇದು ಸಣ್ಣ ವಿಷಯ ಅಲ್ಲ.

ಎರಡು, ಏಪ್ರಿಲ್–ಮೇ ಬಿಸಿಲು. ಹುದುಗು ತೊಟ್ಟಿ 35 ಡಿಗ್ರಿ ದಾಟಿದರೆ ಯೀಸ್ಟ್ ಸೋಲುತ್ತೆ, ಮೂಗಿಗೆ ಚುಚ್ಚುವ ಫ್ಯೂಸೆಲ್ ಎಣ್ಣೆ ಹೆಚ್ಚುತ್ತೆ. ತಣ್ಣೀರಿನ ಕೊಳವೆ ಇಲ್ಲದೆ ಆಗಲ್ಲ. ಮೂರು, ಆವಿಯಾಗೋ ನಷ್ಟ. ಕೆಂಟಕಿಯಲ್ಲಿ ವರ್ಷಕ್ಕೆ ಶೇ. 3–5, ಬೆಂಗಳೂರಿನಲ್ಲಿ ಶೇ. 10ಕ್ಕಿಂತ ಜಾಸ್ತಿ. ಶೇ. 10 ಅಂತಲೇ ಹಿಡೀರಿ: 200 ಲೀಟರ್ ತುಂಬಿದ ಪೀಪಾಯಿಯಲ್ಲಿ ಐದು ವರ್ಷಕ್ಕೆ ಸುಮಾರು 118 ಲೀಟರ್ ಉಳಿಯುತ್ತೆ. ದುರ್ಗದ ಒಣ ಬಿಸಿಲಿಗೆ ಇನ್ನೂ ಕಡಿಮೆ ಅಂತಲೇ ಲೆಕ್ಕ ಹಾಕಬೇಕು.

ನಾಲ್ಕು, ನೀರು. ಕೆಂಟಕಿಯ ಹೆಗ್ಗಳಿಕೆ ಸುಣ್ಣಕಲ್ಲಿನ ಪದರದಲ್ಲಿ ಸೋಸಿ ಬಂದ ನೀರು. ಅದರಲ್ಲಿ ಕ್ಯಾಲ್ಸಿಯಂ ಇದೆ, ಕಬ್ಬಿಣ ಇಲ್ಲವೆಂಬಷ್ಟು ಕಡಿಮೆ. ಕಬ್ಬಿಣ ಇದ್ದರೆ ಓಕ್‌ನ ಟ್ಯಾನಿನ್ ಜತೆ ಸೇರಿ ವಿಸ್ಕಿ ಕಪ್ಪಿಡುತ್ತೆ. ನಮ್ಮ ಬೋರ್ ನೀರನ್ನು ಪರೀಕ್ಷೆ ಮಾಡಿಸದೆ ಬಳಸೋಕಾಗಲ್ಲ.

ಪಿಜೆ_ಬಡಾವಣೆ (ದಾವಣಗೆರೆ):

ಕೊಳ್ಳೋದು, ಕುಡಿಯೋದರ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ನಾನು ಸೇರಿಸ್ತೀನಿ.

ಲೇಬಲ್ ಮೇಲೆ ಮೊದಲು ಹುಡುಕಬೇಕಾದ ಪದ ‘ಸ್ಟ್ರೇಟ್’. ಬರೀ ಬರ್ಬನ್‌ಗೆ ಇಷ್ಟು ವರ್ಷ ಇಡಲೇಬೇಕು ಅಂತ ಕನಿಷ್ಠ ಅವಧಿ ಇಲ್ಲ. ಸ್ಟ್ರೇಟ್ ಅಂದರೆ ಕನಿಷ್ಠ ಎರಡು ವರ್ಷ. ನಾಲ್ಕು ವರ್ಷದ ಒಳಗಿನದಾದರೆ ವಯಸ್ಸು ಬರೆಯಲೇಬೇಕು. ಹಾಗಾಗಿ ಸ್ಟ್ರೇಟ್ ಅಂತ ಇದ್ದು ವಯಸ್ಸು ಬರೆದಿಲ್ಲ ಅಂದರೆ ನಾಲ್ಕು ವರ್ಷವಾದರೂ ಆಗಿದೆ ಅಂತ ಅರ್ಥ.

‘ಬಾಟಲ್ಡ್ ಇನ್ ಬಾಂಡ್’ ಅಂತ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ವಿಸ್ಕಿಯಲ್ಲಿ ಕಲಬೆರಕೆ ವಿಪರೀತ ಆಗಿದ್ದ ಕಾಲದಲ್ಲಿ, 1897ರಲ್ಲಿ ಬಂದ ಕಾಯ್ದೆ ಅದು. ಒಂದೇ ಡಿಸ್ಟಿಲರಿ, ಒಂದೇ ಆರು ತಿಂಗಳ ಹಂಗಾಮು, ಸರ್ಕಾರದ ಉಸ್ತುವಾರಿಯ ಗೋಡೌನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ ಶೇ. 50. ‘ಸ್ಮಾಲ್ ಬ್ಯಾಚ್’ ಅನ್ನೋದಕ್ಕೆ ಮಾತ್ರ ಕಾನೂನಿನಲ್ಲಿ ಯಾವ ಅರ್ಥವೂ ಇಲ್ಲ. ಅದನ್ನು ನೋಡಿ ದುಡ್ಡು ಹೆಚ್ಚು ಕೊಡಬೇಕಿಲ್ಲ.

ಪ್ರೂಫ್ ಲೆಕ್ಕದಲ್ಲಿ ಬಹಳ ಜನ ಎಡವ್ತಾರೆ. ಅಮೆರಿಕದ ಪ್ರೂಫ್ ಅಂದರೆ ಶೇಕಡಾವಾರಿನ ಎರಡು ಪಟ್ಟು: 80 ಪ್ರೂಫ್ ಅಂದರೆ ಶೇ. 40. ನಮ್ಮ ದೇಶೀ ಬಾಟಲಿಗಳದ್ದು ಹಳೇ ಬ್ರಿಟಿಷ್ ಲೆಕ್ಕ, 75 ಪ್ರೂಫ್ ಅಂದರೆ ಶೇ. 42.8. ಆದ್ದರಿಂದ ಪ್ರೂಫ್ ಬಿಟ್ಟು ಶೇಕಡಾವಾರು ನೋಡಿ. ಜಿಮ್ ಬೀಮ್ ವೈಟ್ 40, ಮೇಕರ್ಸ್ ಮಾರ್ಕ್ 45, ವೈಲ್ಡ್ ಟರ್ಕಿ 101 ಅನ್ನೋದು 50.5.

ಬೆಲೆ ವಿಷಯಕ್ಕೆ ಬಂದರೆ, 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿತು. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ ಬೇರೆ ಇದ್ದೇ ಇದೆ. ಊರಿನ ಎಲ್ಲ ಅಂಗಡಿಯಲ್ಲೂ ಸಿಗಲ್ಲ, ವಿದೇಶಿ ಮದ್ಯದ ಕಪಾಟು ಬೇರೆ ಇಟ್ಟಿರೋ ದೊಡ್ಡ ಅಂಗಡಿಯಲ್ಲಿ ಕೇಳಿ. ಮುಚ್ಚಳದ ಮೇಲೆ ರಾಜ್ಯ ಅಬಕಾರಿಯ ಲೇಬಲ್ ಹರಿಯದೆ ಇದೆಯಾ ನೋಡಿಕೊಳ್ಳಿ.

ಕುಡಿಯೋ ಕ್ರಮ: 30 ಎಂಎಲ್ ಹಾಕಿ ಐದು ನಿಮಿಷ ಬಿಡಿ. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಮೂಗಿಗೆ ಉರಿ ಹೊಡೆಯಲ್ಲ. ಮೊದಲ ಗುಟುಕು ನೀರಿಲ್ಲದೆ, ಚಿಕ್ಕದು. ಆಮೇಲೆ ನೀರು. ಶೇ. 50ರ 30 ಎಂಎಲ್‌ಗೆ ಏಳೂವರೆ ಎಂಎಲ್, ಅಂದರೆ ಒಂದೂವರೆ ಟೀ ಚಮಚ ನೀರು ಹಾಕಿದರೆ ಶೇ. 40ಕ್ಕೆ ಇಳಿಯುತ್ತೆ. ನೀರು ಆರ್‌ಒ ಅಥವಾ ಬಾಟಲಿದು. ಹೊಳೆದಂಡೆ ಅಣ್ಣ ಹೇಳಿದ ಕಬ್ಬಿಣದ ಕತೆ ಗ್ಲಾಸಿಗೂ ಅನ್ವಯಿಸುತ್ತೆ, ಬೋರ್ ನೀರು ಹಾಕಿದರೆ ಬಣ್ಣ ಮಂಕಾಗಿ ರುಚಿ ಲೋಹದಂಗೆ ಆಗಬಹುದು. ಐಸ್ ಹಾಕಿದಾಗ ಕೆಲವು ಬರ್ಬನ್ ಮಬ್ಬಾದರೆ ಗಾಬರಿ ಬೇಡ. ತಣ್ಣಗೆ ಮಾಡಿ ಸೋಸದೆ ಬಿಟ್ಟ ಬಾಟಲಿಯಲ್ಲಿ ಕೊಬ್ಬಿನಂಶ ತಣ್ಣಗಾದಾಗ ಹೆಪ್ಪುಗಟ್ಟೋದು ಅದು. ಕೆಟ್ಟಿಲ್ಲ.

ಓಲ್ಡ್ ಫ್ಯಾಷನ್ಡ್ ಅನ್ನೋ ಕಾಕ್‌ಟೇಲ್ ಮಾಡೋದಾದರೆ 60 ಎಂಎಲ್ ಬರ್ಬನ್, ಒಂದು ಚಮಚ ಸಕ್ಕರೆ ಪಾಕ, ಎರಡು ಮೂರು ಸಲ ಚಿಮುಕಿಸಿದಷ್ಟು ಅಂಗೋಸ್ಟುರಾ ಬಿಟರ್ಸ್ (ಕಹಿ ಸಾರ), ದೊಡ್ಡ ಐಸ್, ಕಿತ್ತಳೆ ಸಿಪ್ಪೆಯನ್ನು ಮೇಲೆ ಹಿಂಡಿ. ಸಣ್ಣ ಐಸ್ ಹಾಕಿದರೆ ನಮ್ಮ ಸೆಖೆಗೆ ಎರಡೇ ನಿಮಿಷಕ್ಕೆ ನೀರಾಗುತ್ತೆ. ನೀರಿನ ಡಬ್ಬಿಯಲ್ಲಿ ಗಟ್ಟಿ ಮಾಡಿದ ಒಂದೇ ದೊಡ್ಡ ತುಂಡು ಒಳ್ಳೆಯದು.

ನಮ್ಮೂರಿನ ಮಿರ್ಚಿ–ಮಂಡಕ್ಕಿ ಜತೆ ಶೇ. 50ರದ್ದು ಬೇಡ. ಖಾರಕ್ಕೆ ಉರಿಯುವ ಅದೇ ನರತುದಿಗಳನ್ನು ಸ್ಪಿರಿಟ್ ಕೂಡ ಕೆರಳಿಸುತ್ತೆ, ಎರಡೂ ಸೇರಿದರೆ ಬರೀ ಉರಿ, ರುಚಿ ಯಾವುದೂ ಸಿಗಲ್ಲ. ಹುರಿದ ಶೇಂಗಾ, ಬೆಲ್ಲದ ಚಿಕ್ಕಿ ಇಟ್ಟುಕೊಳ್ಳಿ. ರೈ ಕಡಿಮೆ ಇರೋ ಬರ್ಬನ್ ಜತೆ ಅವು ಚೆನ್ನಾಗಿ ಹೊಂದುತ್ತವೆ.

ಬಾಟಲಿ ನೆಟ್ಟಗೆ ನಿಲ್ಲಿಸಿ ಇಡಿ, ವೈನ್ ಥರ ಮಲಗಿಸಿದರೆ ಸ್ಪಿರಿಟ್ ಕಾರ್ಕನ್ನು ತಿಂದು ಪುಡಿ ಮಾಡುತ್ತೆ. ಏಪ್ರಿಲ್‌ನಲ್ಲಿ ತಾರಸಿ ಕೆಳಗಿನ ಕೋಣೆ ಬೇಡ, ಕೆಳಗಿನ ಮನೆಯ ಕತ್ತಲೆ ಕಪಾಟು ಸಾಕು. ಮೂರನೇ ಒಂದು ಪಾಲಿಗೆ ಇಳಿದ ಮೇಲೆ ಒಳಗೆ ಗಾಳಿ ಜಾಸ್ತಿ ಆಗಿ ಪರಿಮಳ ಹಾರುತ್ತೆ. ಕೆಲವು ತಿಂಗಳಲ್ಲಿ ಮುಗಿಸಿ, ಇಲ್ಲವಾದರೆ ಚಿಕ್ಕ ಗಾಜಿನ ಬಾಟಲಿಗೆ ಕುತ್ತಿಗೆ ತನಕ ತುಂಬಿ ಬಿಗಿಯಾಗಿ ಮುಚ್ಚಿಡಿ.